ಬಾದಶಾಹನ ಪತ್ರಕ್ಕೆ ಬಿದನೂರು ಕೊಟ್ಟ ಉತ್ತರ

ಕೆಳದಿ ಚೆನ್ನಮ್ಮಾಜಿ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಎರಡೇ ಸಾಲು. ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಅದಕ್ಕೆ ಕೋಪಗೊಂಡು ಬಂದ ಔರಂಗಜೇಬನ ಸೈನ್ಯವನ್ನ ಹಿಮ್ಮೆಟ್ಟಿಸಿದಳು. ಪಠ್ಯಪುಸ್ತಕದಲ್ಲೂ ಅಷ್ಟೇ, ಭಾಷಣದಲ್ಲೂ ಅಷ್ಟೇ, ಕುದುರೆ ಮೇಲೆ ಕತ್ತಿ ಹಿಡಿದ ಚಿತ್ರ ಒಂದು. ನನಗೆ ಆ ಕತ್ತಿಗಿಂತ ಜಾಸ್ತಿ ಕಾಡೋದು ಅದಕ್ಕೂ ಮುಂಚೆ ನಡೆದ ಮಾತುಕತೆ. ಇವತ್ತಿನ ಭಾಷೇಲಿ ಹೇಳೋದಾದ್ರೆ ಅದು ಪೂರ್ತಿ ಡಿಪ್ಲೊಮಸಿ. ದೇಶಭ್ರಷ್ಟನಾದ ರಾಜಕುಮಾರನೊಬ್ಬ ಗಡಿ ದಾಟಿ ನಿಮ್ಮ ಊರಿಗೆ ಬಂದಿದಾನೆ, ಹಿಂದೇನೇ ದೇಶದ ಅತಿ ದೊಡ್ಡ ದೊರೆಯ ಪತ್ರ ಬರುತ್ತೆ, ಅವನನ್ನ ನಮಗೆ ಒಪ್ಪಿಸಿ ಅಂತ. ನೀವು ಏನು ಉತ್ತರ ಬರೀತೀರಿ?

1689ರ ಈ ಕಥೆ ಸರಿಯಾಗಿ ಅರ್ಥ ಆಗ್ಬೇಕು ಅಂದ್ರೆ ಎಂಟು ವರ್ಷ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ಔರಂಗಜೇಬ ದಖ್ಖನಿಗೆ ಬಂದು ಕೂತಿದ್ದಕ್ಕೆ ಇಂಥದ್ದೇ ಇನ್ನೊಂದು ಆಶ್ರಯವೂ ಕಾರಣ. 1681ರಲ್ಲಿ ಅವನ ಮಗ ಅಕ್ಬರ್, ಹೆಸರಿಗೆ ಮುತ್ತಜ್ಜನ ಅಪ್ಪನ ಹೆಸರೇ, ರಾಜಸ್ಥಾನದಲ್ಲಿ ರಜಪೂತರ ಜೊತೆ ಸೇರಿ ತಾನೇ ಬಾದಶಾಹ ಅಂತ ಘೋಷಿಸಿಕೊಂಡ. ದಂಗೆ ಕೆಲವೇ ದಿನದಲ್ಲಿ ನೆಲಕಚ್ಚಿತು. ರಜಪೂತ ಸರದಾರ ದುರ್ಗಾದಾಸ ರಾಠೋಡ ಅವನನ್ನ ಕರ್ಕೊಂಡು ನರ್ಮದೆ ದಾಟಿ ನೇರವಾಗಿ ಮರಾಠರ ಹತ್ತಿರ ಬಂದ, ಅಂದ್ರೆ ಶಿವಾಜಿಯ ಹಿರಿಮಗ, ಆಗಿನ ಮರಾಠಾ ದೊರೆ ಸಂಭಾಜಿ ಹತ್ರ. ಸಂಭಾಜಿ ಕೊಂಕಣದಲ್ಲಿ ಇರೋಕೆ ವ್ಯವಸ್ಥೆ ಮಾಡಿದ, ಆದ್ರೆ ತಾನು ಖುದ್ದಾಗಿ ಭೇಟಿ ಆಗಿದ್ದು ತಿಂಗಳುಗಳ ಮೇಲೆ. ಅದರಲ್ಲೇ ಗೊತ್ತಾಗುತ್ತೆ ಅವನ ಗೊಂದಲ. ಶತ್ರುವಿನ ಮಗ ಮನೆ ಬಾಗಿಲಿಗೆ ಬಂದಿದಾನೆ, ಇಟ್ಕೊಂಡ್ರೆ ಅಪ್ಪ ಇಡೀ ಸೈನ್ಯ ತಗೊಂಡು ಬರ್ತಾನೆ, ಕಳಿಸಿದ್ರೆ ಶರಣು ಬಂದವನನ್ನ ಕೈಬಿಟ್ಟ ಅನ್ನೋ ಮಾತು. ಇಟ್ಕೊಂಡ. ಅಪ್ಪ ಬಂದೇ ಬಂದ. 1682ರಲ್ಲಿ ಔರಂಗಾಬಾದಿಗೆ ಬಂದ ಔರಂಗಜೇಬ 1707ರಲ್ಲಿ ಸಾಯೋವರೆಗೂ ಉತ್ತರಕ್ಕೆ ವಾಪಸ್ ಹೋಗಲೇ ಇಲ್ಲ.

ಅಕ್ಬರನ ಕಥೆ ಅಲ್ಲಿಗೇ ಮುಗೀಲಿಲ್ಲ. ಮರಾಠರಿಂದ ದೆಹಲಿ ಸಿಂಹಾಸನ ಸಿಗೋದಿಲ್ಲ ಅಂತ ಖಾತ್ರಿ ಆದ್ಮೇಲೆ 1687ರಲ್ಲಿ ಹಡಗು ಹತ್ತಿ ಪರ್ಷಿಯಾ ಕಡೆ ಹೊರಟ. ಹಡಗು ಮಸ್ಕತ್ ಸೇರಿತು. ಅಲ್ಲಿ ಆಳ್ತಿದ್ದ ಇಮಾಮ ಮರ್ಯಾದೆಯಿಂದ ಇಳಿಸಿಕೊಂಡ, ಆಮೇಲೆ ಸದ್ದಿಲ್ಲದೆ ಔರಂಗಜೇಬನಿಗೆ ಹೇಳಿ ಕಳಿಸಿದ, ಎರಡು ಲಕ್ಷ ರೂಪಾಯಿ ಕೊಟ್ಟು, ಸೂರತ್ ಬಂದರಿನಲ್ಲಿ ನಮ್ಮ ಹಡಗುಗಳಿಗೆ ಸುಂಕ ಮಾಫಿ ಮಾಡಿದ್ರೆ ನಿಮ್ಮ ಮಗನನ್ನ ಒಪ್ಪಿಸ್ತೀವಿ ಅಂತ. ಈ ಪ್ರಸಂಗ ಓದಿದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತೆ, ಯಾಕಂದ್ರೆ ಅದರಲ್ಲಿ ದ್ವೇಷ ಇಲ್ಲ, ಕೋಪ ಇಲ್ಲ, ಬರೀ ಕಸ್ಟಮ್ಸ್ ಡ್ಯೂಟಿ ಲೆಕ್ಕ. ಒಬ್ಬ ಮನುಷ್ಯನ ತಲೆ ಮತ್ತು ಬಂದರಿನ ಸುಂಕ ಒಂದೇ ತಕ್ಕಡೀಲಿ. ಪರ್ಷಿಯಾದ ಶಾಹ ಗದರಿಸಿ ಕರೆಸಿಕೊಂಡಿದ್ದಕ್ಕೆ ಅಕ್ಬರ್ ಬಚಾವಾದ. ಶಾಹನ ನಿಲುವೂ ನೋಡಿ, ಅತಿಥಿ ಅಂತ ಇಟ್ಕೊಳ್ತೀನಿ, ಸಾಕ್ತೀನಿ, ಆದ್ರೆ ಅಪ್ಪ ಬದುಕಿರೋವಾಗ ಅಪ್ಪನ ಮೇಲೆ ಯುದ್ಧ ಮಾಡೋಕೆ ಸೈನ್ಯ ಕೊಡೋದಿಲ್ಲ ಅಂದ. ಆಶ್ರಯ ಬೇರೆ, ಬೆಂಬಲ ಬೇರೆ ಅಂತ ಅಷ್ಟು ಸ್ಪಷ್ಟವಾಗಿ ಗೆರೆ ಎಳೆದವರು ಕಡಿಮೆ. ಅಕ್ಬರ್ ಅಪ್ಪನಿಗಿಂತ ಮುಂಚೆ ಅಲ್ಲೇ ತೀರಿಕೊಂಡ.

ಈಗ 1689. ಫೆಬ್ರವರಿಯಲ್ಲಿ ಸಂಗಮೇಶ್ವರದಲ್ಲಿ ಸಂಭಾಜಿ ಸೆರೆ ಸಿಕ್ಕ, ಮಾರ್ಚ್‌ನಲ್ಲಿ ಅವನನ್ನ ಎಷ್ಟು ಕ್ರೂರವಾಗಿ ಕೊಂದ್ರು ಅನ್ನೋದು ಎಲ್ರಿಗೂ ಗೊತ್ತು. ಬಿಜಾಪುರ 1686ರಲ್ಲೇ ಬಿದ್ದಿತ್ತು, ಗೋಲ್ಕೊಂಡ 1687ರಲ್ಲಿ. ದಕ್ಷಿಣದಲ್ಲಿ ಬಾದಶಾಹನ ಎದುರು ನಿಲ್ಲೋ ದೊಡ್ಡ ರಾಜ್ಯ ಅಂತ ಯಾವುದೂ ಉಳಿದಿರಲಿಲ್ಲ. ರಾಯಗಡದಲ್ಲಿ ಸಂಭಾಜಿಯ ತಮ್ಮ ರಾಜಾರಾಮನಿಗೆ ಪಟ್ಟ ಕಟ್ಟಿದ್ರು, ವಯಸ್ಸು ಹತ್ತೊಂಬತ್ತು. ಪಟ್ಟ ಕಟ್ಟಿದ ಬೆನ್ನಲ್ಲೇ ಮೊಘಲ್ ಸೇನಾಪತಿ ಜುಲ್ಫಿಕರ್ ಖಾನ ರಾಯಗಡಕ್ಕೆ ಮುತ್ತಿಗೆ ಹಾಕಿದ. ಸಂಭಾಜಿಯ ಹೆಂಡತಿ ಯೇಸೂಬಾಯಿ, ಮಗ ಶಾಹು ಕೋಟೆಯಲ್ಲೇ ಉಳಿದ್ರು, ರಾಜಾರಾಮ ಹೊರಗೆ ಹೋಗ್ಬೇಕು ಅಂತ ತೀರ್ಮಾನ ಆಯ್ತು. ಎಲ್ರೂ ಒಂದೇ ಕಡೆ ಸಿಕ್ಕಿಬಿದ್ರೆ ವಂಶವೇ ಮುಗೀತು ಅನ್ನೋ ಲೆಕ್ಕ. ಪ್ರತಾಪಗಡ, ಆಮೇಲೆ ಪನ್ಹಾಳ, ಅಲ್ಲೂ ಮೊಘಲರು ಬಂದ್ರು. ಕೊನೆಗೆ ಉಳಿದಿದ್ದು ದೂರದ ತಮಿಳು ಸೀಮೆಯಲ್ಲಿ ಶಿವಾಜಿ ಗೆದ್ದು ಗಟ್ಟಿ ಮಾಡಿಟ್ಟಿದ್ದ ಜಿಂಜಿ ಕೋಟೆ. ಸೆಪ್ಟೆಂಬರ್ ಕೊನೆಗೆ ಪನ್ಹಾಳದಿಂದ ಹೊರಟ್ರು, ವೇಷ ಮರೆಸಿಕೊಂಡು, ಪ್ರಹ್ಲಾದ ನಿರಾಜಿ, ಖಂಡೋ ಬಲ್ಲಾಳ ಅಂಥ ಕೆಲವು ನಂಬಿಕಸ್ಥರ ಜೊತೆ. ಕೃಷ್ಣೆಯಿಂದ ತುಂಗಭದ್ರೆವರೆಗೆ ಠಾಣೆ ಠಾಣೆಗೂ ಕಣ್ಣಿಡಿ ಅಂತ ಬಾದಶಾಹನ ಹುಕುಂ ಹೋಗಿತ್ತು.

ತುಂಗಭದ್ರೆ ನಡುಗಡ್ಡೆಯೊಂದರಲ್ಲಿ ಮೊಘಲ್ ತುಕಡಿ ಇವರನ್ನ ಹಿಡಿದೇ ಬಿಡ್ತು. ಹಲವು ಸರದಾರರು ಸೆರೆ ಸಿಕ್ಕರು, ರಾಜಾರಾಮ ಮಾತ್ರ ನುಸುಳಿಕೊಂಡ. ನದಿಯ ಆಚೆ ಕಡೆ ಇದ್ದದ್ದು ಕೆಳದಿ ಸೀಮೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಲೇಬೇಕು, ಯಾಕಂದ್ರೆ ಇಡೀ ತಕರಾರಿನ ಬೇರು ಇಲ್ಲೇ ಇದೆ. ಗಡಿ ಅಂತೀವಲ್ಲ, ಆ ಗಡಿ ಬಾದಶಾಹನ ಲೆಕ್ಕದಲ್ಲಿ ಇತ್ತಾ? ಕೆಳದಿಯ ವೀರಭದ್ರ ನಾಯಕನ ಕಾಲದಲ್ಲೇ ಬಿಜಾಪುರದವರು ಆಗಿನ ರಾಜಧಾನಿ ಇಕ್ಕೇರಿಗೆ ನುಗ್ಗಿ ಕಪ್ಪ ಒಪ್ಪಿಸಿಕೊಂಡಿದ್ರು, ಅದು 1637ರ ಸುಮಾರಿನ ಮಾತು. ರಾಜಧಾನಿ ಬಿದನೂರಿಗೆ ಬದಲಾಗಿದ್ದು ಅದಾದ ಮೇಲೆ, ಈಗಿನ ಹೊಸನಗರ ತಾಲ್ಲೂಕಿನ ನಗರ ಅದು. ಈಗ ಬಿಜಾಪುರವೇ ಮೊಘಲರ ಕೈಗೆ ಬಂದ್ಮೇಲೆ ಬಿಜಾಪುರಕ್ಕೆ ಕಪ್ಪ ಕೊಡ್ತಿದ್ದವರೆಲ್ಲ ತಾನಾಗೇ ನಮ್ಮವರು ಅನ್ನೋದು ಬಾದಶಾಹನ ವಾದ. ಅಂದ್ರೆ ಅವನ ಕಣ್ಣಲ್ಲಿ ಚೆನ್ನಮ್ಮಾಜಿ ಪಕ್ಕದ ದೇಶದ ರಾಣಿ ಅಲ್ಲ, ಒಬ್ಬ ಜಮೀನ್ದಾರಿಣಿ. ರಾಜಾರಾಮ ಪರದೇಶಕ್ಕೆ ಓಡಿಹೋದವನಲ್ಲ, ನಮ್ಮದೇ ಜಮೀನಿನಲ್ಲಿ ಬಚ್ಚಿಟ್ಕೊಂಡಿರೋ ಬಂಡಾಯಗಾರ. ಅವನನ್ನ ಒಪ್ಪಿಸಿ ಅಂತ ಕೇಳೋದು ಮನವಿ ಅಲ್ಲ, ಅಪ್ಪಣೆ.

ಹಾಗಾಗಿ ಆಶ್ರಯ ಕೊಡಬೇಕಾ ಬೇಡವಾ ಅನ್ನೋ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು, ನಾವು ಒಂದು ರಾಜ್ಯವಾ ಅಲ್ಲವಾ? ಒಪ್ಪಿಸಿದ ಕ್ಷಣ ಉತ್ತರ ಕೊಟ್ಟ ಹಾಗೆ, ಅಲ್ಲ ಅಂತ. ಚೆನ್ನಮ್ಮಾಜಿಯ ತೀರ್ಮಾನವನ್ನ ಬರೀ ಕರುಣೆ ಅಂತ, ಹೆಂಗರುಳು ಅಂತ ಹೇಳ್ತಾರಲ್ಲ, ನನಗೆ ಅದು ಸರಿ ಅನ್ಸಲ್ಲ. ಕರುಣೆ ಇತ್ತು, ಖಂಡಿತ. ಆದ್ರೆ ಗಂಡ ಸೋಮಶೇಖರ ನಾಯಕ ತೀರಿಹೋದ್ಮೇಲೆ ಹತ್ತಾರು ವರ್ಷ ಒಳಗಿನ ಪಿತೂರಿ, ಹೊರಗಿನ ದಾಳಿ ಎರಡನ್ನೂ ನಿಭಾಯಿಸಿದವಳು ಆಕೆ, ದತ್ತು ಮಗ ಬಸಪ್ಪನನ್ನ ಪಟ್ಟಕ್ಕೆ ತಯಾರು ಮಾಡ್ತಿದ್ದಳು. ರಾಜಾರಾಮನನ್ನ ಹಿಡಿದು ಕೊಟ್ರೆ ಬಸಪ್ಪನಿಗೆ ಉಳಿಯೋದು ರಾಜ್ಯ ಅಲ್ಲ, ಜಹಗೀರು, ಅಷ್ಟು ಆಕೆಗೆ ಅರ್ಥ ಆಗದೇ ಇರುತ್ತಾ.

ಮತ್ತೆ ಕೆಳದಿಗೆ ಇದು ಮೊದಲನೇ ಸಲವೂ ಅಲ್ಲ. ಶಿವಪ್ಪ ನಾಯಕನ ಕಾಲದಲ್ಲಿ ವಿಜಯನಗರದ ಕೊನೆಯ ದೊರೆ ಮೂರನೇ ಶ್ರೀರಂಗರಾಯ ನೆಲೆ ಇಲ್ಲದೆ ಅಲೀತಿದ್ದಾಗ ಅವನಿಗೆ ಬೇಲೂರಿನಲ್ಲಿ ನೆಲೆ ಮಾಡಿಕೊಟ್ಟಿದ್ದು ಇದೇ ಮನೆತನ. ಅವನ ಹೆಸರು ಹೇಳ್ಕೊಂಡು ಶಿವಪ್ಪ ನಾಯಕ ಶ್ರೀರಂಗಪಟ್ಟಣದ ಮೇಲೂ ದಂಡೆತ್ತಿ ಹೋದ. ಅಂದ್ರೆ ಶರಣು ಬಂದ ದೊರೆ ಹೊರೆಯೂ ಹೌದು, ಕೈಯಲ್ಲಿರೋ ಒಂದು ದಾಳವೂ ಹೌದು ಅನ್ನೋ ಅನುಭವ ಬಿದನೂರಿನ ಆಸ್ಥಾನಕ್ಕೆ ಇತ್ತು.

ಲಿಂಗಣ್ಣ ಕವಿಯ ಕೆಳದಿನೃಪವಿಜಯ ಅನ್ನೋ ಕಾವ್ಯ ಈ ಪ್ರಸಂಗ ಹೇಳುತ್ತೆ, ಅಲ್ಲಿಂದ ಬಾಯಿಂದ ಬಾಯಿಗೆ ಬಂದ ಕಥೆಯೂ ಇದೆ. ರಾಜಾರಾಮ ಬಂದು ಮರೆಹೊಕ್ಕ. ಮಂತ್ರಿಗಳು ಅಳುಕಿದ್ರು, ಬಾದಶಾಹನ ವೈರ ಕಟ್ಕೊಳ್ಳೋದು ಬೇಡ ಅಂದ್ರು. ಚೆನ್ನಮ್ಮಾಜಿ ಮರೆಹೊಕ್ಕವರನ್ನ ಕಾಯೋದು ಈ ಸಿಂಹಾಸನದ ಧರ್ಮ ಅಂತ ಹೇಳಿ ಒಪ್ಪಿಕೊಂಡಳು. ಆಮೇಲೆ ಮಾಡಿದ ಕೆಲಸವೇ ನನ್ನ ಪ್ರಕಾರ ಎಲ್ಲಕ್ಕಿಂತ ಜಾಣತನದ್ದು. ಅರಮನೇಲಿ ಮೆರೆಸಿ, ದರ್ಬಾರು ಕರೆದು, ಊರಿಗೆಲ್ಲ ಡಂಗುರ ಸಾರಲಿಲ್ಲ. ಬೇಗ ಬೇಗ ಮುಂದಕ್ಕೆ ಸಾಗಿಸಿದಳು. ದಾರಿ ತೋರಿಸೋ ಜನ, ಕಾವಲು, ಬುತ್ತಿ ಎಲ್ಲ ಕೊಟ್ಟು ಮಲೆನಾಡಿನ ಕಾಡುದಾರಿಯಲ್ಲಿ ತನ್ನ ಸೀಮೆ ದಾಟಿಸಿ ಬಿಟ್ಟಳು.

ಔರಂಗಜೇಬನ ಪತ್ರ ಬಂತು, ಜೊತೆಗೆ ಉಡುಗೊರೆಯೂ ಬಂತು ಅಂತಾರೆ. ಉಡುಗೊರೆ ಯಾಕೆ ಅಂದ್ರೆ ಒಪ್ಪಿಸಿದ್ರೆ ಸ್ನೇಹ, ಇಲ್ಲ ಅಂದ್ರೆ ಮುಂದಿನ ಪತ್ರ ಬೇರೆ ತರ ಇರುತ್ತೆ ಅಂತ ತಿಳಿಸೋಕೆ. ಅದಕ್ಕೆ ಬಿದನೂರಿನಿಂದ ಹೋದ ಉತ್ತರ ನಮ್ಮ ಕಡೆ ಹೇಳ್ಕೊಂಡು ಬಂದಿರೋ ಪ್ರಕಾರ ಇಷ್ಟು, ರಾಜಾರಾಮ ನಮ್ಮ ರಾಜ್ಯದಲ್ಲಿ ಇಲ್ಲ, ನಮ್ಮ ಸೀಮೆ ಮೇಲೆ ಹಾದು ಹೋಗಿರಬಹುದು. ವಿನಯದ ಉತ್ತರ, ಒಂದು ಗಡಸು ಮಾತಿಲ್ಲ. ಮತ್ತೆ ಬರೆದ ದಿನಕ್ಕೆ ಅದು ಸತ್ಯ! ಅವನು ನಿಜವಾಗ್ಲೂ ಅಲ್ಲಿ ಇರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬೀಳೋ ಹಾಗೂ ಇಲ್ಲ, ನಿಜ ಹೇಳಿ ಮಾತು ತಪ್ಪೋ ಹಾಗೂ ಇಲ್ಲ. ಪತ್ರ ಬರೋಕೆ ಮುಂಚೆ ಅತಿಥಿಯನ್ನ ದಾಟಿಸಿದ್ರೆ ಮಾತ್ರ ಇಂಥ ಉತ್ತರ ಬರೆಯೋಕೆ ಸಾಧ್ಯ, ಆ ಟೈಮಿಂಗ್ ತಾನಾಗೇ ಆಗಿದ್ದಲ್ಲ, ಆಕೆ ಮಾಡಿದ್ದು. ನನಗೆ ಯಾವಾಗ್ಲೂ ಅನ್ಸೋದು, ಇಡೀ ಪ್ರಸಂಗದಲ್ಲಿ ಶಾಲೆ ಮಕ್ಕಳಿಗೆ ಹೇಳಿಕೊಡಬೇಕಾದ ಭಾಗ ಅಂತಿದ್ರೆ ಇದೇ, ಆದ್ರೆ ಇದನ್ನೇ ಬಿಟ್ಟು ನೇರವಾಗಿ ಯುದ್ಧಕ್ಕೆ ಹಾರ್ತಾರೆ.

ಯುದ್ಧ ಆಯ್ತು, ಅದನ್ನೂ ಹೇಳ್ತೀನಿ. ಬಾದಶಾಹ ಉತ್ತರ ನಂಬಲಿಲ್ಲ, ಜಾನ್ ನಿಸಾರ್ ಖಾನನಂಥವರನ್ನ ಕೊಟ್ಟು ಸೈನ್ಯ ಕಳಿಸಿದ. ಬಯಲು ಸೀಮೆಯಲ್ಲಿ ಕುದುರೆ ಓಡಿಸಿ ಅಭ್ಯಾಸ ಇರೋ ಸೈನ್ಯಕ್ಕೆ ಮಲೆನಾಡು ಅಂದ್ರೆ ನರಕ. ಬಿದಿರು ಮೆಳೆ, ಕಣಿವೆ, ಜಾರೋ ಏರುದಾರಿ, ಎರಡೂ ಪಕ್ಕದಿಂದ ಬಾಣ, ಗುಂಡು. ಬಿದನೂರು ಸುತ್ತ ಶಿವಪ್ಪ ನಾಯಕನ ಕಾಲದಿಂದ ಕಟ್ಟಿದ್ದ ಕೋಟೆ, ಕಡಿಯದೆ ಬೆಳೆಸಿದ್ದ ಕಾಡು ಎಲ್ಲ ಇದಕ್ಕೇ ಇದ್ದದ್ದು. ಮರಾಠರ ಸಂತಾಜಿ ಘೋರ್ಪಡೆಯೂ ಚೆನ್ನಮ್ಮಾಜಿಯ ನೆರವಿಗೆ ಬಂದ, ತಮ್ಮ ದೊರೆಗೆ ಮಾಡಿದ ಉಪಕಾರ ಮರೀಲಿಲ್ಲ ಅವರು. ನಮ್ಮ ಕಡೆಯ ಕಥೇಲಿ ಇದು ಪೂರ್ಣ ಜಯ. ಮೊಘಲ್ ಕಡೆಯ ಮಾತಿನಲ್ಲಿ ರಾಣಿ ಒಂದಷ್ಟು ದಂಡ ಕಟ್ಟಿ ರಾಜಿ ಮಾಡ್ಕೊಂಡಳು.

ಈ ದಂಡದ ವಿಷಯ ಬಂದ್ರೆ ನಮ್ಮ ಕೆಲವರಿಗೆ ಸಿಟ್ಟು ಬರುತ್ತೆ, ನಮ್ಮ ರಾಣಿ ದಂಡ ಕಟ್ಟಿದಳಾ ಅಂತ. ಯಾಕೆ ಸಿಟ್ಟು? ಯೋಚನೆ ಮಾಡಿ ನೋಡಿ, ಬಿಜಾಪುರ ಉಳೀಲಿಲ್ಲ, ಗೋಲ್ಕೊಂಡ ಉಳೀಲಿಲ್ಲ, ರಾಯಗಡವೇ ಆ ವರ್ಷ ನವೆಂಬರ್‌ನಲ್ಲಿ ಬಿತ್ತು, ಯೇಸೂಬಾಯಿ, ಶಾಹು ಸೆರೆ ಹೋದ್ರು. ಬಿದನೂರು ಉಳೀತು. ಅತಿಥಿಯೂ ಉಳಿದ, ಮನೆಯೂ ಉಳೀತು, ಹೋಗಿದ್ದು ದುಡ್ಡು. ಮಸ್ಕತ್‌ನ ಇಮಾಮ ಅತಿಥಿಯನ್ನ ಒಪ್ಪಿಸಿ ದುಡ್ಡು ತಗೊಳ್ಳೋಕೆ ಹೊರಟಿದ್ದ, ಇವಳು ದುಡ್ಡು ಕೊಟ್ಟು ಅತಿಥಿಯನ್ನ ಉಳಿಸಿದಳು. ಒಬ್ಬನೇ ಬಾದಶಾಹನ ಜೊತೆ, ಎರಡು ಮೂರು ವರ್ಷದ ಅಂತರದಲ್ಲಿ ನಡೆದ ಎರಡು ವ್ಯವಹಾರ ಇವು. ದಂಡ ಕಟ್ಟಿದ್ದು ನನಗಂತೂ ಆಕೆಯ ಕಿರೀಟದ ಇನ್ನೊಂದು ಹರಳು ಅನ್ಸುತ್ತೆ.

ಇತ್ತ ರಾಜಾರಾಮನ ಪ್ರಯಾಣ. ಕೆಳದಿ ಸೀಮೆ ದಾಟಿದ್ಮೇಲೆ ಎಷ್ಟು ಅಪಾಯ ಇತ್ತು ಅನ್ನೋದಕ್ಕೆ ಬೆಂಗಳೂರಿನ ಪ್ರಸಂಗ ಸಾಕು. ಎರಡು ವರ್ಷ ಮುಂಚೆಯಷ್ಟೇ ಬೆಂಗಳೂರು ಮೊಘಲರ ಕೈಗೆ ಹೋಗಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷಕ್ಕೆ ತಗೊಂಡಿದ್ದ ಊರು. ಇವರೆಲ್ಲ ಯಾತ್ರಿಕರ ವೇಷದಲ್ಲಿ ತಂಗಿದ್ರು. ಮರಾಠಿ ಬಖರುಗಳು, ಅಂದ್ರೆ ಹಳೇ ಚರಿತ್ರೆ ಬರಹಗಳು, ಹೇಳೋ ಪ್ರಕಾರ ಜೊತೆಯವನೊಬ್ಬ ರಾಜಾರಾಮನ ಕಾಲು ತೊಳೆದ. ಅಭ್ಯಾಸ, ದಿನಾ ಮಾಡ್ತಿದ್ದದ್ದು, ಕೈ ತಾನಾಗೇ ಹೋಗಿರಬೇಕು. ನೋಡಿದವರಿಗೆ ಅನುಮಾನ ಬಂತು, ಯಾತ್ರಿಕರ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಯಾಕೆ ಈ ಉಪಚಾರ? ಸುದ್ದಿ ಹೋಗೋಷ್ಟರಲ್ಲಿ ಇವರಿಗೆ ಗೊತ್ತಾಯ್ತು. ಖಂಡೋ ಬಲ್ಲಾಳ ಮತ್ತೆ ಕೆಲವರು ಹಿಂದೆ ಉಳಿದು ಹಿಡಿಸಿಕೊಂಡ್ರು, ಹೊಡೆಸಿಕೊಂಡ್ರು, ನಾವು ಬರೀ ಯಾತ್ರಿಕರು ಅಂತ ಹಠ ಹಿಡಿದ್ರು, ರಾಜಾರಾಮ ಬೇರೆ ದಾರೀಲಿ ಪಾರಾದ. ನವೆಂಬರ್ ಮೊದಲಲ್ಲಿ ಜಿಂಜಿ ಸೇರಿದ.

ಆಮೇಲೆ ಜಿಂಜಿಗೆ ಜುಲ್ಫಿಕರ್ ಖಾನನ ಮುತ್ತಿಗೆ. 1690ರಲ್ಲಿ ಶುರುವಾಗಿದ್ದು ಕೋಟೆ ಬಿದ್ದಿದ್ದು 1698ರಲ್ಲಿ, ಅಷ್ಟೊತ್ತಿಗೆ ರಾಜಾರಾಮ ಅಲ್ಲಿಂದಲೂ ತಪ್ಪಿಸಿಕೊಂಡು ವಾಪಸ್ ಮಹಾರಾಷ್ಟ್ರಕ್ಕೆ ಹೋಗಿದ್ದ. ಎಂಟು ವರ್ಷ ಬಾದಶಾಹನ ಒಂದು ದೊಡ್ಡ ಸೈನ್ಯ ಆ ಬಂಡೆಗುಡ್ಡಗಳ ಕೆಳಗೆ ಕೂತು ಸವೆದುಹೋಯ್ತು. ಬಿದನೂರಿನಲ್ಲಿ ಅವನಿದ್ದದ್ದು ಕೆಲವೇ ದಿನ, ಪನ್ಹಾಳದಿಂದ ಜಿಂಜಿವರೆಗಿನ ಇಡೀ ಪ್ರಯಾಣವೇ ಐದು ವಾರದ ಆಸುಪಾಸು. ಆ ಕೆಲವು ದಿನ ಸಿಗದೇ ಹೋಗಿದ್ರೆ ಈ ಎಂಟು ವರ್ಷ ಇಲ್ಲ.

ಈ ತರದ ತಕರಾರುಗಳನ್ನ ಬೇರೆ ಬೇರೆ ದೇಶದ್ದು ಹುಡುಕಿ ಹುಡುಕಿ ಓದೋದು ನನಗೆ ಇಷ್ಟ. ಓದಿದಷ್ಟೂ ಚೆನ್ನಮ್ಮಾಜಿ ದೊಡ್ಡವಳಾಗಿ ಕಾಣ್ತಾಳೆ. ಪರ್ಷಿಯಾದ ಶಾಹ್ ತಹ್ಮಾಸ್ಪ್ ಇದ್ದನಲ್ಲ, ಹುಮಾಯೂನ್‌ಗೆ ಆಶ್ರಯ ಕೊಟ್ಟು ಸೈನ್ಯ ಕೊಟ್ಟು ವಾಪಸ್ ಕಳಿಸಿದವನು, ಅದೇ ಮನುಷ್ಯನ ಹತ್ತಿರ 1559ರಲ್ಲಿ ಆಟೊಮನ್ ಸುಲ್ತಾನ ಸುಲೇಮಾನನ ಮಗ ಬಾಯಜೀದ್ ಓಡಿಬಂದ, ಅಣ್ಣನ ಜೊತೆ ಸಿಂಹಾಸನಕ್ಕೆ ಹೊಡೆದಾಡಿ ಸೋತು. ಮೊದಲು ಭಾರಿ ಸ್ವಾಗತ. ಆಮೇಲೆ ಎರಡು ವರ್ಷ ಪತ್ರ, ರಾಯಭಾರಿ, ಉಡುಗೊರೆ, ಬೆಲೆ ಕಟ್ಟೋದು. ನಿನ್ನನ್ನ ನಿನ್ನಪ್ಪನಿಗೆ ಒಪ್ಪಿಸಲ್ಲ ಅಂತ ಶಾಹ ಆಣೆ ಮಾಡಿದ್ದನಂತೆ. ಆಣೆ ಮುರೀಲಿಲ್ಲ, ಅಪ್ಪನ ಬದಲು ಅಣ್ಣನ ಜನಕ್ಕೆ ಒಪ್ಪಿಸಿದ. ಬಾಯಜೀದನನ್ನೂ ಜೊತೆಗಿದ್ದ ಅವನ ನಾಲ್ಕು ಗಂಡುಮಕ್ಕಳನ್ನೂ ಕತ್ತು ಹಿಸುಕಿ ಕೊಂದ್ರು, ಶಾಹನಿಗೆ ಚೀಲಗಟ್ಟಲೆ ಚಿನ್ನ ಬಂತು. ಮಾತಿನ ಅಕ್ಷರ ಉಳಿಸಿ ಜೀವ ತೆಗೆಯೋದು ಹೀಗೆ. ಬಿದನೂರಿನ ಉತ್ತರವೂ ಒಂದು ಲೆಕ್ಕದಲ್ಲಿ ಮಾತಿನ ಅಕ್ಷರದ ಮೇಲೇ ನಿಂತಿದ್ದು, ಆದ್ರೆ ಅದು ಜೀವ ಉಳಿಸೋಕೆ. ಎರಡಕ್ಕೂ ಎಷ್ಟು ವ್ಯತ್ಯಾಸ.

ನಮ್ಮ ಜೈಪುರದ್ದೂ ಒಂದಿದೆ, ಓದಿದ್ರೆ ಬೇಜಾರಾಗುತ್ತೆ. ಅವಧದ ನವಾಬನಾಗಿದ್ದ ವಜೀರ್ ಅಲಿಯನ್ನ ಕಂಪನಿ ಸರ್ಕಾರ ಕೆಲವೇ ತಿಂಗಳಲ್ಲಿ ಇಳಿಸಿ ಬನಾರಸ್‌ಗೆ ಕಳಿಸಿತ್ತು. 1799ರ ಜನವರಿಯಲ್ಲಿ ಅವನು ಅಲ್ಲಿದ್ದ ಚೆರ್ರಿ ಅನ್ನೋ ಇಂಗ್ಲಿಷ್ ಅಧಿಕಾರಿಯನ್ನ ಕೊಂದು ಓಡಿದ, ಕೊನೆಗೆ ಜೈಪುರದ ಮಹಾರಾಜ ಪ್ರತಾಪಸಿಂಹನ ಹತ್ರ ಶರಣು ಹೋದ. ಕಂಪನಿ ಒತ್ತಡ ಹಾಕ್ತು. ಮಹಾರಾಜ ಒಪ್ಪಿಸಿದ, ಎರಡು ಷರತ್ತಿನ ಮೇಲೆ, ಗಲ್ಲಿಗೆ ಹಾಕಬಾರದು, ಬೇಡಿ ತೊಡಿಸಬಾರದು. ಕಂಪನಿ ಎರಡನ್ನೂ ಪಾಲಿಸ್ತು, ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಕಂಬಿ ಗೂಡಿನೊಳಗೆ ಅವನನ್ನ ಕೂಡಿಹಾಕಿ 1817ರಲ್ಲಿ ಸಾಯೋವರೆಗೂ ಇಟ್ಟಿತ್ತು. ಕೊಲೆ ಮಾಡಿದವನು ಅನ್ನೋದು ನಿಜ, ರಾಜಾರಾಮನ ಹಾಗೆ ನಿರಪರಾಧಿ ಅಲ್ಲ, ಒಪ್ತೀನಿ. ಆದ್ರೂ ರಜಪೂತ ಮನೆಗೆ ಶರಣು ಬಂದವನನ್ನ ಕೊಟ್ಟುಬಿಟ್ಟ ಅನ್ನೋ ಮಾತು ಆ ಮಹಾರಾಜನಿಗೆ ಅಂಟಿಕೊಂಡೇ ಉಳೀತು.

ಸ್ವಿಟ್ಜರ್ಲೆಂಡ್ ಕಥೆ ಇದಕ್ಕೆ ಪೂರ್ತಿ ವಿರುದ್ಧ, ನನಗೆ ಬಹಳ ಇಷ್ಟ ಆಗಿದ್ದು. ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್, ಅವನ ಮನೆತನಕ್ಕೆ ಫ್ರಾನ್ಸಿನೊಳಗೆ ಕಾಲಿಡೋ ಹಾಗಿಲ್ಲ, ಸ್ವಿಟ್ಜರ್ಲೆಂಡಿನ ತುರ್ಗಾವ್ ಪ್ರಾಂತ್ಯದಲ್ಲಿ ತಾಯಿ ಜೊತೆ ಇದ್ದ. 1836ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ದಂಗೆ ಎಬ್ಬಿಸೋಕೆ ಹೋಗಿ ಸಿಕ್ಕಿಬಿದ್ದ, ಅಮೆರಿಕಕ್ಕೆ ಸಾಗಿಸಿದ್ರು, ತಾಯಿಗೆ ಹುಷಾರಿಲ್ಲ ಅಂತ 1837ರಲ್ಲಿ ವಾಪಸ್ ಬಂದ. ಮಾರನೇ ವರ್ಷ ಫ್ರಾನ್ಸ್ ಹೇಳ್ತು, ಅವನನ್ನ ಹೊರಗೆ ಹಾಕಿ. ತುರ್ಗಾವ್‌ನವರು ಆಗಲ್ಲ ಅಂದ್ರು, ಯಾಕಂದ್ರೆ 1832ರಲ್ಲೇ ಅವನಿಗೆ ಗೌರವ ಪೌರತ್ವ ಕೊಟ್ಟಿದ್ರು. ಅವನು ನಿರಾಶ್ರಿತ ಅಲ್ಲ, ನಮ್ಮವನು, ನಮ್ಮವನನ್ನ ಹೊರಗೆ ಹಾಕಿ ಅಂತ ಹೇಳೋಕೆ ನೀವ್ಯಾರು ಅಂತ. ಫ್ರಾನ್ಸ್ ಗಡಿಗೆ ಸೈನ್ಯ ತಂದು ನಿಲ್ಲಿಸ್ತು, 25,000 ಸೈನಿಕರು ಅಂತಾರೆ. ಜಿನೀವಾ, ವೋ ಪ್ರಾಂತ್ಯದವರೂ ತಮ್ಮ ಜನರನ್ನ ಗಡಿಗೆ ಕಳಿಸಿದ್ರು. ಒಬ್ಬ ಮನುಷ್ಯನ ವಾಸದ ವಿಷಯಕ್ಕೆ ಎರಡು ದೇಶ ಯುದ್ಧದ ಬಾಗಿಲಿಗೆ ಬಂದು ನಿಂತ್ವು. ಇದರಲ್ಲಿ ನನಗೆ ಚುಚ್ಚೋ ವಿಷಯ ಏನಂದ್ರೆ ಅವನನ್ನ ಹೊರಗೆ ಹಾಕಿ ಅಂತ ಕೇಳಿದ ಫ್ರಾನ್ಸಿನ ದೊರೆ ಲೂಯಿ ಫಿಲಿಪ್, ಕ್ರಾಂತಿಯ ಕಾಲದಲ್ಲಿ 1793ರಲ್ಲಿ ತಾನೇ ಸ್ವಿಟ್ಜರ್ಲೆಂಡಿಗೆ ಓಡಿಹೋಗಿ ರೈಷೆನಾವ್ ಅನ್ನೋ ಊರಲ್ಲಿ ಸುಳ್ಳು ಹೆಸರಿಟ್ಕೊಂಡು ಮೇಷ್ಟ್ರಾಗಿ ಪಾಠ ಹೇಳಿ ಬದುಕಿದ್ದವನು. ಮರೆಹೊಕ್ಕು ಬದುಕಿದವನಿಗೇ ಇನ್ನೊಬ್ಬ ಮರೆಹೊಕ್ಕಿದ್ದನ್ನ ಸಹಿಸೋಕೆ ಆಗಲಿಲ್ಲ. ಕೊನೆಗೆ ಲೂಯಿ ನೆಪೋಲಿಯನ್ ತಾನಾಗೇ ಹೊರಟು ಇಂಗ್ಲೆಂಡಿಗೆ ಹೋದ, ಸ್ವಿಸ್ಸರು ಅವನನ್ನ ತಳ್ಳಲೂ ಇಲ್ಲ, ಯುದ್ಧವೂ ಆಗಲಿಲ್ಲ. ಅತಿಥಿ ತಾನೇ ಮುಂದೆ ಹೋಗಿಬಿಟ್ರೆ ಎಲ್ಲರ ಮುಖವೂ ಉಳಿಯುತ್ತೆ, ಬಿದನೂರು ಅದನ್ನ ನೂರೈವತ್ತು ವರ್ಷ ಮುಂಚೆಯೇ ಮಾಡಿ ತೋರಿಸಿತ್ತು.

ನಮ್ಮ ಕಾಲಕ್ಕೆ ಹತ್ತಿರ ಬಂದ್ರೆ 1950ರ ನವೆಂಬರ್‌ನಲ್ಲಿ ನೇಪಾಳದ ರಾಜ ತ್ರಿಭುವನ್ ಕುಟುಂಬ ಸಮೇತ ಕಾಠ್ಮಂಡುವಿನ ಭಾರತದ ರಾಯಭಾರ ಕಚೇರಿಯೊಳಗೆ ಹೋಗಿಬಿಟ್ಟ. ಅಲ್ಲಿ ನಿಜವಾದ ಅಧಿಕಾರ ಕೈಯಲ್ಲಿಟ್ಕೊಂಡಿದ್ದ ಪ್ರಧಾನಿ ಮನೆತನ ರಾಣಾಗಳು ಮಾರನೇ ದಿನವೇ ಅರಮನೇಲಿ ಉಳಿದಿದ್ದ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನ ತಲೆ ಮೇಲೆ ಕಿರೀಟ ಇಟ್ರು. ಭಾರತ ಆ ಮಗುವನ್ನ ರಾಜ ಅಂತ ಒಪ್ಪಲಿಲ್ಲ, ತ್ರಿಭುವನ್‌ನನ್ನ ದೆಹಲಿಗೆ ಕರೆಸಿಕೊಳ್ತು, 1951ರ ಫೆಬ್ರವರಿಗೆ ಅವನು ರಾಜನಾಗಿಯೇ ವಾಪಸ್ ಹೋದ. ಆದ್ರೆ ಅಲ್ಲಿ ಆಶ್ರಯ ಕೊಟ್ಟವರೇ ಬಲಿಷ್ಠರು. ದೊಡ್ಡವರು ಆಶ್ರಯ ಕೊಡೋದು ಕಷ್ಟದ ಕೆಲಸ ಅಲ್ಲ, ಅದಕ್ಕೆ ಅದರ ಬಗ್ಗೆ ಜಾಸ್ತಿ ಹೇಳಲ್ಲ.

ಮತ್ತೆ ಆ ಮಂತ್ರಿಗಳ ವಿಷಯಕ್ಕೆ ಬರ್ತೀನಿ. ನಾಟಕಗಳಲ್ಲಿ, ಕಥೆಗಳಲ್ಲಿ ಅವರನ್ನ ಹೇಡಿಗಳ ತರ ತೋರಿಸ್ತಾರೆ, ರಾಣಿ ಧೈರ್ಯ ಎದ್ದು ಕಾಣ್ಲಿ ಅಂತ. ನನಗೆ ಅವರ ಮೇಲೆ ಗೌರವ ಇದೆ. ದಕ್ಷಿಣಕ್ಕೆ ಮೈಸೂರಿನ ಜೊತೆ ಗಡಿ ಜಗಳ, ಕರಾವಳೀಲಿ ಪೋರ್ಚುಗೀಸರು, ಉತ್ತರಕ್ಕೆ ನಿನ್ನೆ ಮೊನ್ನೆ ಎರಡು ಸುಲ್ತಾನರ ರಾಜ್ಯ ನುಂಗಿದ ಬಾದಶಾಹ, ಖಜಾನೆಗೆ ಬರೋದು ಅಕ್ಕಿ, ಅಡಿಕೆ, ಮೆಣಸಿನ ದುಡ್ಡು, ಶಿವಪ್ಪ ನಾಯಕನ ಶಿಸ್ತು ಅನ್ನೋ ಭೂಕಂದಾಯ ಪದ್ಧತಿ ಪ್ರಕಾರ ರೈತರು ಕಟ್ಟೋ ಕಂದಾಯ. ಯುದ್ಧ ಬಂದ್ರೆ ಸುಟ್ಟುಹೋಗೋದು ಅವರ ಕಣಜ, ದಂಡ ಕಟ್ಟಬೇಕಾದ್ರೂ ಅದು ಹೊರಡೋದು ಅವರ ತೋಟದಿಂದಲೇ. ಇದನ್ನ ರಾಣಿಗೆ ಎದುರು ನಿಂತು ಹೇಳೋದು ಮಂತ್ರಿಯ ಕೆಲಸ, ಹೇಳಿದ್ರು. ಹೇಳಿದ್ಮೇಲೆ ರಾಣಿ ತೀರ್ಮಾನ ಮಾಡಿದಳು, ಅವರು ಅದನ್ನ ನಡೆಸಿಕೊಟ್ರು. ಕಾಡುದಾರಿ ಗೊತ್ತಿರೋ ಜನರನ್ನ ಹುಡುಕಿದವರು, ಹೊಳೆ ದಾಟಿಸೋಕೆ ದೋಣಿ ಗೊತ್ತು ಮಾಡಿದವರು, ಘಟ್ಟದ ಕಾವಲಿಗೆ ಹೇಳಿ ಕಳಿಸಿದವರು ಯಾರೋ ಇರ್ಲೇಬೇಕಲ್ಲ. ಅಷ್ಟು ಜನಕ್ಕೆ ಗೊತ್ತಿದ್ದ ವಿಷಯ ಅದು. ಹತ್ತಿರದ ಮೊಘಲ್ ಠಾಣೆಗೆ ಒಂದು ಸುದ್ದಿ ಮುಟ್ಟಿಸಿದ್ರೆ ಜೀವಮಾನಕ್ಕೆ ಸಾಕಾಗೋ ಇನಾಮು ಸಿಗ್ತಿತ್ತು, ಬೆಂಗಳೂರಿನಲ್ಲಿ ಕಾಲು ತೊಳೆದಿದ್ದನ್ನ ನೋಡಿದವರು ಹೋಗಿ ಹೇಳಿದ ಹಾಗೆ. ಕೆಳದಿ ಸೀಮೇಲಿ ಯಾರೂ ಹೋಗಿ ಹೇಳಲಿಲ್ಲ.